ಅಡ್ಡಕ್ಕೆ ಕೊಯ್ಯುವ ಬಸ್ತ್ಯಾಂವ ಮಾಮಾ

ಬಸ್ತ್ಯಾಂವ ಮಾಮಾ ಮಾಂಸ ಕೊಯ್ಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಿತ್ತಲ ಬಾಗಿಲಲ್ಲಿ ನಿಂತು, ಆ ತೆಳ್ಳನೆಯ ತುಂಡನ್ನು ಎರಡೂ ಕೈಯಿಂದ ಎತ್ತಿ, ಒಂದು ಕಣ್ಣು ಮುಚ್ಚಿ, ತುಟಿ ಮುಂದೆ ಚಾಚಿ, ಅರ್ಧ ನಿಮಿಷ ಸುಮ್ಮನೆ ನಿಲ್ಲುವರು. ದಾಂಡೇಲಿಗೆ ಬಂದ ಹೊಸತರಲ್ಲಿ ಬೇಲಿಯ ಈಚೆಯಿಂದ ಇದನ್ನು ಕಂಡು, ಪಾಪ, ಯಾರದೋ ಪತ್ರ ಬಂದಿದೆ, ಚಾಳೀಸು ಇಲ್ಲದೆ ಓದಲು ಒದ್ದಾಡುತ್ತಿದ್ದಾರೆ ಎಂದುಕೊಂಡಿದ್ದೆ. ಆ ಪತ್ರದಿಂದ ರಕ್ತ ತೊಟ್ಟಿಕ್ಕಿದ್ದು ಕಂಡಾಗ ಕೈಯಲ್ಲಿದ್ದ ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಓಡಿದ್ದೆ.

"ಹೆದರಬ್ಯಾಡ್ರಿ ಟೀಚರಬಾಯಿ!" ಎಂದು ಆಚೆಯಿಂದ ಕೂಗಿದರು. ನಾನು ಶಾಲೆಯ ಟೀಚರ್ ಎಂಬುದು ಅಷ್ಟರಲ್ಲೇ ಸಾಲುಮನೆಗೆಲ್ಲ ಗೊತ್ತಾಗಿತ್ತು. "ಎಳಿ ನೋಡಾಕತ್ತೇನಿ. ಎಳಿ ನೋಡದ ಕೊಯ್ದರ ಮನ್ಯಾಗ ಜಗಳ ಆಗ್ತಾವ್ರಿ."

ಹೊಸಬಳ ಮುಂದೆ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಅದು ಚೇಷ್ಟೆಯಲ್ಲ, ಆ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಆರದೆ ಉಳಿದ ಜಗಳವೊಂದಿದೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ನನ್ನ ತವರು ಮುಂಡಗೋಡ. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ. ಇಗರ್ಜಿಗೆ ಹೋಗುವ ಮನೆಯೇ ಆದರೂ ನಮ್ಮಲ್ಲಿ ಭಾನುವಾರ ಎಂದರೆ ಕೋಳಿ, ಹಬ್ಬ ಎಂದರೆ ಕುರಿ. ದನ ಎಮ್ಮೆಗಳ ದೊಡ್ಡ ಮಾಂಸ ನಮ್ಮ ಅಡುಗೆಮನೆ ಹೊಕ್ಕಿರಲಿಲ್ಲ. ಅವ್ವನಿಗೆ ಅದರ ಮೇಲೆ ಹಗೆಯೇನೂ ಇರಲಿಲ್ಲ. "ಅದನ್ನ ಬೇಯಿಸೂದರಾಗ ನನ್ನ ಆಯುಷ್ಯ ಮುಗೀತೈತಿ" ಅನ್ನುವಳು, ಅಷ್ಟೇ. ಮದುವೆಯಾಗಿ ದಾಂಡೇಲಿಗೆ ಬಂದರೆ ನಮ್ಮವರು ಪೇಪರ್ ಮಿಲ್ಲಿನಲ್ಲಿ ಶಿಫ್ಟಿನ ಮೇಲೆ ದುಡಿಯುವವರು, ಅವರ ಪ್ರಾಣವೆಲ್ಲ ಎಮ್ಮೆ ಮಾಂಸದ ಮೇಲೆ. ಮೊದಲ ಭಾನುವಾರವೇ ಅಗ್ಗಕ್ಕೆ ಸಿಕ್ಕಿತು ಎಂದು ಹೊಟ್ಟೆಯ ಕಡೆಯ ತೆಳ್ಳನೆಯ ಪಟ್ಟಿ ಮಾಂಸ ತಂದು ಕೈಗಿಟ್ಟರು. ನಾನು ಅದನ್ನು ಕೋಳಿ ಕೊಯ್ದ ಹಾಗೆ ಕೊಯ್ದು, ಕೋಳಿ ಬೇಯಿಸಿದ ಹಾಗೆ ಬೇಯಿಸಿ ಬಡಿಸಿದೆ. ನಮ್ಮವರು ಒಳ್ಳೆಯವರು, ಏನೂ ಅನ್ನಲಿಲ್ಲ. ಅನ್ನಲು ಬಾಯಿ ಖಾಲಿ ಇರಲಿಲ್ಲ. ಅಗಿದೇ ಅಗಿದರು, ಅಗಿಯುತ್ತಲೇ ಸೈಕಲ್ ಹತ್ತಿ ಎರಡನೆಯ ಶಿಫ್ಟಿಗೆ ಹೋದರು. ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ಉಳಿದದ್ದನ್ನು ತಟ್ಟೆಗೆ ಹಾಕಿಕೊಂಡು ನೆಟ್ಟಗೆ ಬೇಲಿ ಸಂದಿನಿಂದ ನುಗ್ಗಿ ಬಸ್ತ್ಯಾಂವ ಮಾಮಾನ ಮುಂದೆ ಇಟ್ಟೆ.

ಅವರು ಒಂದು ತುಂಡು ಎತ್ತಿ ನೋಡಿದರು. ಬಾಯಿಗೆ ಹಾಕಿಕೊಳ್ಳುವ ಧೈರ್ಯ ಮಾಡಲಿಲ್ಲ. ಎರಡೂ ತುದಿ ಹಿಡಿದು ಎಳೆದರು. ಅದು ಬಂತು, ಆದರೆ ಹರಿಯಲಿಲ್ಲ.

"ಚಪ್ಪಲಿಗೆ ಉಂಗುಷ್ಟ ಆಗ್ತಿತ್ರಿ ಇದು," ಎಂದರು ಗಂಭೀರವಾಗಿ. "ಬರ್ರಿ, ಕೂಡ್ರಿ. ತಪ್ಪು ನಿಮ್ಮದಲ್ಲ, ಚಾಕೂದು."

ಬಸ್ತ್ಯಾಂವ ಮಾಮಾ ಹಳಿಯಾಳ ತಾಲೂಕಿನವರು, ಸಾಂಬ್ರಾಣಿ ಕಡೆಯ ಒಂದು ಹಳ್ಳಿಯ ಸಿದ್ದಿ ಮನೆತನದವರು. ಬಾಗಿಲು ಹಾಯುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ತಲೆಗೂದಲು ಬೇಗ ಬಿಳಿಯಾಗಿ, ಗುಂಗುರು ಗುಂಗುರಾಗಿ ಹತ್ತಿಯ ಹಾಗೆ ಕೂತಿತ್ತು. ಎಡಗೈಯ ಉಂಗುರದ ಬೆರಳಿನ ತುದಿ ಇರಲಿಲ್ಲ. ಅದು ಕಟ್ಟಿಗೆ ಮಿಲ್ಲಿಗೆ ಅವರು ಕೊಟ್ಟ ಕಾಣಿಕೆ. ಹದಿನೇಳನೆಯ ವಯಸ್ಸಿಗೆ ದಾಂಡೇಲಿಯ ಒಂದು ಕಟ್ಟಿಗೆ ಮಿಲ್ಲು ಸೇರಿ, ಹೊಟ್ಟು ಗುಡಿಸುವುದರಿಂದ ಹಿಡಿದು ದೊಡ್ಡ ಗರಗಸದ ಮಿಸ್ತ್ರಿಯಾಗುವವರೆಗೆ ಮೇಲೇರಿದ್ದರು. ದಿಮ್ಮಿಯ ಕಡಿದ ಮುಖ ನೋಡಿಯೇ ಒಳಗೆ ಎಳೆ ಎತ್ತ ಹರಿದಿದೆ, ಗಂಟು ಎಲ್ಲಿದೆ, ಎಲ್ಲಿಂದ ಗರಗಸ ಹಾಕಿದರೆ ಹಲಗೆ ನೆಟ್ಟಗೆ ಬರುತ್ತದೆ ಎಂದು ಹೇಳುತ್ತಿದ್ದರಂತೆ. ಮಿಲ್ಲು ಮುಚ್ಚಿದ ಮೇಲೆ ಬಡಗಿ ಕೆಲಸ ಮಾಡುತ್ತಿದ್ದರು, ನಾಮಕರಣ ಮದುವೆಗಳ ಅಡುಗೆ ಹಿಡಿಯುತ್ತಿದ್ದರು. ಎರಡಕ್ಕೂ ಕಿವಿಗೆ ಸಿಕ್ಕಿಸಿದ ಅದೇ ಪೆನ್ಸಿಲು. ಪಾತ್ರೆಗೆ ಎಷ್ಟು ಈರುಳ್ಳಿ ಎಂಬುದನ್ನೂ ಗೋಡೆಯ ಮೇಲೆ ಗೀಟು ಎಳೆದೇ ನೆನಪಿಟ್ಟುಕೊಳ್ಳುವರು.

"ಕಟ್ಟಿಗಿ ಎಳಿಗುಂಟ ಕೊಯ್ಬೇಕ್ರಿ, ಹಲಗಿ ಬರತೈತಿ," ಎಂದು ಅವತ್ತು ನನಗೆ ಮೊದಲ ಪಾಠ ಮಾಡಿದರು. "ಮಾಂಸ ಎಳಿಗೆ ಅಡ್ಡ ಕೊಯ್ಬೇಕು, ತುತ್ತು ಬರತೈತಿ. ನೀವು ಉದ್ದಕ ಕೊಯ್ದೀರಿ. ಹಲ್ಲು ಏನ್ಮಾಡ್ಬೇಕ್ರಿ ಪಾಪ? ಗರಗಸದ ಕೆಲಸಾನೂ ಅದs ಮಾಡ್ಬೇಕಂದ್ರ?"

ಆಮೇಲಿನ ಭಾನುವಾರಗಳಲ್ಲಿ ನಾನು ಅವರ ಶಿಷ್ಯೆಯಾದೆ. ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ನೆಟ್ಟಗೆ ಖಾದರಭಾಯಿಯ ಮಾಂಸದಂಗಡಿಗೆ. ಉಳಿದ ಗಿರಾಕಿಗಳೆಲ್ಲ ತೊಡೆ ಕೊಡಿ, ಬೆನ್ನು ಕೊಡಿ ಎಂದು ಕೂಗಾಡುತ್ತಿದ್ದರೆ ಮಾಮಾ ಹಿಂದೆ ಕೈ ಕಟ್ಟಿಕೊಂಡು ನಿಂತು ಕೇಳುವ ಮಾತು ಒಂದೇ.

"ಖಾದರಭಾಯ್, ಯಾರೂ ಬ್ಯಾಡ ಅಂದಿದ್ದು ಏನೈತಿ?"

"ಯಾರೂ ಬ್ಯಾಡ ಅಂದಿದ್ದಂದ್ರ ಸದ್ಯಕ್ಕ ನೀವೊಬ್ರು ಅದೀರಿ. ಆವೋ, ಬೈಠೋ," ಎಂದು ಖಾದರಭಾಯಿ ಸ್ಟೂಲು ಸರಿಸುವರು. ಆಮೇಲೆ ಹಲಗೆಯ ಕೆಳಗಿನಿಂದ ಅವರಿಗಾಗಿಯೇ ತೆಗೆದಿಟ್ಟ ಪೊಟ್ಟಣ ಹೊರಬರುತ್ತಿತ್ತು. ಹೊಟ್ಟೆಯ ಕಡೆಯ ಪಟ್ಟಿ, ಇಲ್ಲವೇ ಎದೆಗೂ ಹೊಟ್ಟೆಗೂ ನಡುವೆ ಇಳಿಬಿದ್ದಿರುವ ಪರದೆ. ಪಟ್ಟಿಯೇನೋ ಸರಿ, ಪರದೆಯಂತೂ ಅಂಗೈ ದಪ್ಪವೂ ಇಲ್ಲ, ಕೊಡುವವರಿಗೂ ಸಂಕೋಚ. ಎಳೆಯ ಎಮ್ಮೆ ಕಡಿಯಬಾರದೆಂಬ ಕಾಯ್ದೆಯಿಂದಾಗಿ ಸಿಗುತ್ತಿದ್ದುದೂ ಮುದಿಯಾದ ಎಮ್ಮೆ ಕೋಣಗಳದ್ದೇ. "ಮುದುಕರದನ್ನ ಮುದುಕನs ಬೇಯಿಸ್ಬೇಕ್ರಿ, ಒಬ್ಬರದೊಬ್ಬರಿಗೆ ತಿಳೀತೈತಿ," ಎಂದು ಮಾಮಾ ತಮ್ಮ ಹತ್ತಿತಲೆಯನ್ನು ತಟ್ಟಿಕೊಂಡು ನಗುವರು.

ತೆಳ್ಳನೆಯ ಮಾಂಸಕ್ಕೆ ಎರಡೇ ದಾರಿ ಎಂಬುದು ಅವರ ಮತ. "ಒಂದೋ ಕಣ್ಣು ಮುಚ್ಚಿ ತೆರೆಯೂದ್ರಾಗ ಇಳಿಸ್ಬೇಕು, ಇಲ್ಲಾ ಒಂದು ಸಿನಿಮಾ ಮುಗಿಯೂತನಕ ಬೇಯಿಸ್ಬೇಕು. ಇಂಟರ್ವಲ್‌ಗೆ ಎದ್ದು ಹೋದ್ರೋ, ಕೆಟ್ರಿ." ಪರದೆಗೆ ಮೊದಲ ದಾರಿ. ಕಬ್ಬಿಣದ ಹಂಚು ಹೊಗೆಯಾಡುವವರೆಗೆ ಕಾಯಿಸಿ, ಉಪ್ಪು ಮೆಣಸು ಬೆಳ್ಳುಳ್ಳಿ ತಿಕ್ಕಿದ ಇಡೀ ತುಂಡನ್ನು ಚರ್ರನೆ ಹಾಕಿ, ಮಗ್ಗುಲು ಬದಲಿಸಿ, ತೆಗೆದು ಮುತ್ತುಗದೆಲೆಯಲ್ಲಿ ಸುತ್ತಿ ಮಲಗಿಸುವರು. ಆಗ ಯಾರೂ ಮುಟ್ಟುವಂತಿಲ್ಲ. ನಮ್ಮವರು ಒಮ್ಮೆ ಎಲೆ ಬಿಚ್ಚಲು ಹೋಗಿ ಸೌಟಿನಿಂದ ಮೊಣಕೈ ಗಂಟಿಗೆ ತಿಂದಿದ್ದರು. ಹತ್ತು ನಿಮಿಷ ಕಳೆದ ಮೇಲೆ ಎಲೆ ಬಿಚ್ಚಿ, ಎಳೆಗೆ ಅಡ್ಡವಾಗಿ ಓರೆಯಾಗಿ ಚಾಕು ಹಾಯಿಸಿ, ನಿಂಬೆ ಹಿಂಡಿ ಕೊಡುವರು. ನಮ್ಮ ಅವ್ವ ಮುಂಡಗೋಡದಿಂದ ಬಂದಾಗ ಅದನ್ನು ತಿಂದು, ಇದು ಕುರಿಯಲ್ಲ ಎಂದು ಹೇಳಿದರೂ ನಂಬದೆ, ಕುರಿಯೇ ಎಂದು ಹಟ ಹಿಡಿದು ಹೋದಳು.

ಪಟ್ಟಿಗೆ ಎರಡನೆಯ ದಾರಿ. ಅದನ್ನು ಚಾಪೆಯ ಹಾಗೆ ಹಾಸಿ, ಕೊತ್ತಂಬರಿ ಹಸಿಮೆಣಸು ಶುಂಠಿ ರುಬ್ಬಿ ಹಚ್ಚಿ, ಚಾಪೆಯ ಹಾಗೆಯೇ ಸುತ್ತಿ ದಾರ ಬಿಗಿದು, ಈರುಳ್ಳಿಯ ಹಾಸಿಗೆಯ ಮೇಲೆ ಮಲಗಿಸಿ, ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಹಾಕುವರು. ಸುತ್ತುವಾಗ ಎಳೆ ಸುರುಳಿಯ ಉದ್ದಕ್ಕೂ ಬರುವಂತೆ ನೋಡಬೇಕು, ಆಗ ಕೊನೆಗೆ ಬಿಲ್ಲೆ ಕೊಯ್ದರೆ ತಾನಾಗಿ ಅಡ್ಡಕ್ಕೇ ಕೊಯ್ದಂತಾಗುತ್ತದೆ. ಇದು ನನಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದೆ, ಕೊನೆಗೆ ಅವರು ನನ್ನ ವಹಿಯ ಹಾಳೆ ಹರಿದು, ಗೀಟು ಎಳೆದು, ಸುತ್ತಿ, ಕತ್ತರಿಸಿ ತೋರಿಸಿದರು. ಮಕ್ಕಳಿಗೆ ಭಿನ್ನರಾಶಿ ಕಲಿಸುವಾಗ ನನಗೆ ಅಷ್ಟು ತಾಳ್ಮೆ ಎಂದೂ ಬಂದದ್ದಿಲ್ಲ.

ನನ್ನ ಪಪ್ಪಾಯಿ ಪ್ರಸಂಗವನ್ನು ಮುಚ್ಚಿಟ್ಟರೆ ಅವರ ಆತ್ಮ ಮೆಚ್ಚುವುದಿಲ್ಲ. ಗಟ್ಟಿ ಮಾಂಸಕ್ಕೆ ಹಸಿ ಪಪ್ಪಾಯಿ ಹಚ್ಚಿದರೆ ಮೆತ್ತಗಾಗುತ್ತದೆ ಎಂದು ನಮ್ಮ ಶಾಲೆಯ ಯಾರೋ ಟೀಚರು ಹೇಳಿದರು. ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ. ನಮ್ಮವರ ಮೇಲಧಿಕಾರಿ ಊಟಕ್ಕೆ ಬರುವ ದಿನ, ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಪರದೆ ಮಾಂಸಕ್ಕೆ ಅರ್ಧ ಪಪ್ಪಾಯಿ ತುರಿದು ಬಳಿದು ಹೋದೆ. ಸಂಜೆ ಬಂದು ಮುಚ್ಚಳ ತೆಗೆದರೆ ಪಾತ್ರೆಯಲ್ಲಿ ಮಾಂಸವೇ ಇಲ್ಲ, ಅಂಬಲಿ ಇದೆ! ಚಮಚದಿಂದ ಎತ್ತಿದರೆ ಸುರಿಯುತ್ತದೆ. ಅತಿಥಿ ಬರಲು ಒಂದು ತಾಸು. ನಾನು ಬೇಲಿ ಸಂದಿನಲ್ಲಿ ನಿಂತು ಅಳುವ ದನಿಯಲ್ಲಿ ಕೂಗಿದೆ. ಮಾಮಾ ಬಂದು ಪಾತ್ರೆಯೊಳಗೆ ಇಣುಕಿ, ಟೋಪಿ ತೆಗೆದು ಎದೆಗೆ ಹಿಡಿದು ಶಿಲುಬೆಯ ಗುರುತು ಹಾಕಿದರು.

"ದೇವರು ಅದಕ್ಕ ಶಾಂತಿ ಕೊಡ್ಲಿ. ಟೀಚರಬಾಯಿ, ತೆಳ್ಳಗಿದ್ದವರ ಮ್ಯಾಲ ಈ ಪಪ್ಪಾಯಿಗೆ ಕರುಣೆ ಇಲ್ಲರಿ. ಅರ್ಧ ತಾಸು, ಅಷ್ಟs. ದಪ್ಪಗಿದ್ದವರಿಗೆ ಬ್ಯಾರೆ."

ಬೈಯಲಿಲ್ಲ. ತೋಳು ಮಡಚಿ, ಬ್ರೆಡ್ಡಿನ ಪುಡಿ, ಆಲೂಗಡ್ಡೆ, ಪುದೀನ ಹಾಕಿ ಆ ಅಂಬಲಿಯನ್ನು ಹಿಟ್ಟಿನ ಹದಕ್ಕೆ ತಂದು, ವಡೆಯಂತೆ ತಟ್ಟಿ ಕರಿದುಕೊಟ್ಟರು. ಮೇಲಧಿಕಾರಿ ಏಳು ತಿಂದು, ತಮ್ಮ ಹೆಂಡತಿಗೆ ಬರೆದು ಕೊಡಲು ನನ್ನಿಂದ ವಿಧಾನ ಕೇಳಿದರು. ನಾನು ನಾಚಿಕೆ ಬಿಟ್ಟು ಪೂರಾ ಸುಳ್ಳು ಬರೆದುಕೊಟ್ಟೆ.

ಇಷ್ಟೆಲ್ಲ ಬಲ್ಲ ಈ ಮನುಷ್ಯನ ಮನೆಗೆ ಹಬ್ಬ ಹುಣ್ಣಿಮೆಗೆ ಹಳಿಯಾಳದ ಬಸ್ಸಿನಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ಅವರಷ್ಟೇ ಎತ್ತರ, ನೆಟ್ಟಗಿನ ಬೆನ್ನು, ಅಡ್ಡ ಉಟ್ಟ ಸೀರೆ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅವರ ಅಕ್ಕ ನಾತಾಲಬಾಯಿ. ತಾಯಿ ಸತ್ತಾಗ ಮಾಮಾ ಐದು ವರ್ಷದವರು. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಬಂದವಳು ತಮ್ಮನ ತಲೆ ಸವರುವಳು, ತಮ್ಮನ ಹೆಂಡತಿ ಮಾರ್ಥಾಬಾಯಿಯ ಜೊತೆ ಹರಟುವಳು, ಅವರ ಮಗಳು ಲೀನಾಳ ಜಡೆ ಹೆಣೆಯುವಳು. ಊಟಕ್ಕೆ ಎಲೆ ಹಾಕಿದರೆ ಮಾತ್ರ, ಎಲ್ಲರ ಸಾಲಿನಲ್ಲೇ ಕೂತು, ತನ್ನ ಡಬ್ಬಿ ಬಿಚ್ಚಿ, ಮನೆಯಿಂದ ತಂದ ಅನ್ನ ಮತ್ತು ಒಣ ಮೀನಿನ ಚಟ್ನಿ ಉಣ್ಣುವಳು. ಮಾಮಾ ಪಟ್ಟಿಯ ಸುರುಳಿ ಕೊಯ್ದು ತಟ್ಟೆ ಹಿಡಿದು ಬರುವರು. "ಅಕ್ಕಾ, ಒಂದs ತುತ್ತು." ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿಯುವಳು. ಪ್ರತಿ ಸಲವೂ ಅದೇ ಮಾತು, ಅದೇ ಕೈ. ಇಡೀ ಮನೆ ಘಮಘಮ ಅನ್ನುತ್ತಿರುವಾಗ ಅವಳು ತಣ್ಣಗಾದ ಅನ್ನ ಉಣ್ಣುವಳು.

ಕೊನೆಗೆ ಮಾರ್ಥಾಬಾಯಿಯನ್ನೇ ಕೇಳಿದೆ. ಅವರು ಜೋಯಿಡಾದವರು, ಮಾತು ಕಡಿಮೆ. ಅವತ್ತು ಸೊಪ್ಪು ಸೋಸುತ್ತ ಎಲ್ಲ ಹೇಳಿದರು.

ನಾತಾಲಬಾಯಿ ಆ ಕಾಲಕ್ಕೆ ಸುತ್ತ ಹಳ್ಳಿಗಳ ಹೆಸರಾದ ಅಡುಗೆಯವಳು. ಅವಳ ಕೈ ಇಲ್ಲದೆ ಯಾವ ಮನೆಯ ಮದುವೆಯೂ ಏಳುತ್ತಿರಲಿಲ್ಲ. ತಮ್ಮನ ಮದುವೆಗೆ ಬಿಡುತ್ತಾಳೆಯೇ? ಒಲೆ ಅವಳದೇ. ಆದರೆ ಮದುಮಗ ಹೊಸದಾಗಿ ಮಿಸ್ತ್ರಿಯಾಗಿದ್ದ, ಬ್ಲೇಡು ಎಂದರೆ ನನ್ನ ಮುಂದೆ ಯಾರು ಎಂಬ ಜಂಬ ತಲೆಗೇರಿತ್ತು. "ಮಾಂಸ ನಾ ಕೊಯ್ತೀನಿ, ನಿಮ್ಮ ಹೆಂಗಸರ ಕೊಯ್ತ ಒಂದು ಸಣ್ಣ, ಒಂದು ದಪ್ಪ" ಎಂದು ಹಟ ಮಾಡಿ, ಮದುವೆಯ ಹಿಂದಿನ ಸಂಜೆ ಎರಡು ಬುಟ್ಟಿ ಪಟ್ಟಿ ಮಾಂಸವನ್ನು ತಾನೇ ಕೊಯ್ದ. ಹೇಗೆ? ಕಟ್ಟಿಗೆ ಕೊಯ್ದ ಹಾಗೆ. ಎಳೆಗುಂಟ, ಉದ್ದಕ್ಕೆ, ಒಂದೇ ಅಳತೆಗೆ. ಹಲಗೆಗಳ ಹಾಗೆ ಸಾಲಾಗಿ ಜೋಡಿಸಿಟ್ಟಿದ್ದನ್ನು ನೋಡಲು ಜನ ಬಂದು ಹೋದರಂತೆ. ಅಕ್ಕ ಬೇಡ ಎಂದರೆ ಕೇಳಲಿಲ್ಲ.

ಮರುದಿನ ಜೋಯಿಡಾದಿಂದ ಬಂದ ಬೀಗರು ಊಟಕ್ಕೆ ಕೂತರು. ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಕೈಯಲ್ಲಿ. ಇಡೀ ಪಂಕ್ತಿ ಹಗ್ಗ ಜಗ್ಗಾಟ ಆಡಿದಂತಾಯಿತು. ಮಾರ್ಥಾಬಾಯಿಯ ಅಣ್ಣ ಪಾವ್ಲು ಎದ್ದು ನಿಂತು, "ಯಾರವ್ವಾ ಅಡಗಿ ಮಾಡಿದಾಕಿ? ನಮ್ಮ ಬಾವಿಗೆ ಒಂದು ಮಾರು ಹಗ್ಗ ಕಟ್ಟಿಕೊಡು!" ಎಂದು ಕೂಗಿದ. ಎಲ್ಲರೂ ನಕ್ಕರು. ನಾತಾಲಬಾಯಿ ಒಲೆಯ ಮುಂದೆ ಸೌಟು ಹಿಡಿದು ನಿಂತವಳು ತಮ್ಮನ ಮುಖ ನೋಡಿದಳು. ತಮ್ಮ ಹೂವಿನ ಹಾರ ಸರಿಮಾಡಿಕೊಂಡು ತಲೆ ತಗ್ಗಿಸಿದ. ನಾನು ಕೊಯ್ದದ್ದು ಎಂಬ ಒಂದು ಮಾತು ಬಾಯಿಂದ ಬರಲಿಲ್ಲ.

"ಹಗ್ಗದ ನಾತಾಲ" ಎಂಬ ಹೆಸರು ಜೋಯಿಡಾದಿಂದ ಹಳಿಯಾಳದವರೆಗೆ ಹಬ್ಬಿತು. ಮದುವೆಗೆ ಕರೆಯುವವರು ನಿಂತರು. "ನೀ ಕೊಯ್ದದ್ದನ್ನ ಈ ಜನ್ಮದಾಗ ಬಾಯಾಗ ಹಾಕ್ಕೊಳ್ಳಂಗಿಲ್ಲ" ಎಂದು ಅವಳು ತಮ್ಮನಿಗೆ ಹೇಳಿದ್ದು ಅವತ್ತು. ಹೇಳಿದವಳು ಹಾಗೇ ನಡೆದುಕೊಂಡಳು. ಮಾಮಾ ಆ ಮೇಲೆ ಎಳೆ ನೋಡಲು ಕಲಿತದ್ದು, ಪರದೆ ಪಟ್ಟಿ ಬಿಟ್ಟರೆ ಬೇರೆ ಮಾಂಸ ಮುಟ್ಟದೆ ಹಟ ಹಿಡಿದದ್ದು, ಭಾನುವಾರ ಭಾನುವಾರ ಹೊಸ ಹೊಸ ರೀತಿ ಮಾಡಿ ನೋಡಿದ್ದು, ಎಲ್ಲ ಅಕ್ಕ ಒಂದು ತುತ್ತು ತಿನ್ನಲಿ ಎಂದು.

ನನಗೆ ಕೇಳಿ ಕಣ್ಣಲ್ಲಿ ನೀರು ಬಂತು, ಜೊತೆಗೆ ಒಂದು ಉಪಾಯವೂ ಬಂತು. ಮುಂದಿನ ಹಬ್ಬಕ್ಕೆ ನಾತಾಲಬಾಯಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆದು, ಮಾಮಾ ಮಾಡಿದ ಸುರುಳಿಯನ್ನು ನಾನೇ ಮಾಡಿದ್ದು ಎಂದು ಬಡಿಸಿದೆ. ಅವಳು ಬಿಲ್ಲೆಯೊಂದನ್ನು ಬೆರಳಿಂದ ಹೊರಳಿಸಿದಳು. ತಟ್ಟೆ ನನ್ನ ಕಡೆ ಸರಿಸಿದಳು.

"ಇದು ನಮ್ಮ ಬಸ್ತ್ಯಾನ ಕೊಯ್ತ. ನಿನ್ನ ಕೈಲೆ ಇಷ್ಟು ಚೆಂದ ಬರಂಗಿಲ್ಲ ಮಗಳ," ಎಂದು ಡಬ್ಬಿ ಬಿಚ್ಚಿದಳು.

ಬೇಲಿಯ ಆಚೆ ಕಿವಿಗೊಟ್ಟು ನಿಂತಿದ್ದ ಮಾಮಾ ಇದನ್ನು ಕೇಳಿಸಿಕೊಂಡು, "ಕೇಳಿದ್ರೇನು? ಚೆಂದ ಅಂದ್ಳು!" ಎಂದು ಆಮೇಲೆ ನನ್ನ ಮುಂದೆ ಕುಣಿದರು. "ಇನ್ನ ಸ್ವಲ್ಪ ಮೆತ್ತಗ ಮಾಡಿದೆ ಅಂದ್ರ ತಿಂತಾಳ್ರಿ. ಕೋಕಂ ಹಾಕಿ ನೋಡ್ತೀನಿ."

ನನಗೆ ರೇಗಿಹೋಯಿತು. ನನ್ನ ಬಾಯಿ ಸುಮಾರಿನದಲ್ಲ, ನಮ್ಮವರನ್ನು ಕೇಳಿ ಬೇಕಾದರೆ. "ಮಾಮಾ, ನಿಮಗ ತಲಿ ನೆಟ್ಟಗೈತೇನ್ರಿ? ಕೋಕಂ ಹಾಕಿದ್ರೂ ಇಲ್ಲ, ಬೆಣ್ಣಿ ಹಾಕಿದ್ರೂ ಇಲ್ಲ. ಅಕ್ಕಾಗ ಬೇಕಾಗಿದ್ದು ಮೆತ್ತಗಿನ ಮಾಂಸ ಅಂತ ಯಾರು ಹೇಳಿದ್ರು ನಿಮಗ? ಅವತ್ತ ಸುಮ್ಮನ ಕೂತ್ರಲ್ಲ, ಆ ಬಾಯಿ ಇನ್ನೂ ತೆಗದೀರೇನು ನೀವು?"

ಅವರು ಕುಣಿಯುವುದನ್ನು ನಿಲ್ಲಿಸಿದರು. ಮೊಂಡು ಬೆರಳನ್ನು ತಿಕ್ಕುತ್ತ ಕೂತರು.

"ಪಾವ್ಲು ನಗಾಕತ್ತಿದ್ದ," ಎಂದರು ಕೊನೆಗೆ. "ಹೊಸಾ ಹೇಣ್ತಿ ಮಗ್ಗಲಕ ಕೂತಿದ್ಲು. ನಾ ಅಂದ್ರ ಮಿಸ್ತ್ರಿ, ಬ್ಲೇಡಿನ ರಾಜಾ. ಹೆಂಗ ಹೇಳ್ಲಿ? ಆಮ್ಯಾಲ ಹೇಳೂಣು, ನಾಳೆ ಹೇಳೂಣು ಅಂದೆ. ನಾಳೆ ನಾಳೆ ಅಂತ ಇಲ್ಲೀತನಕ ಬಂತ್ರಿ."

ಹೀಗೆ ಹೇಳಿದ ಮೇಲೆ ಒಂದು ವಾರ ನನ್ನನ್ನು ಮಾತಾಡಿಸಲಿಲ್ಲ. ಅತಿ ಮಾಡಿದೆನೇನೋ ಎಂದು ನಾನೂ ಹೆದರಿದೆ.

ಆ ಬೇಸಿಗೆಯಲ್ಲೇ ಲೀನಾಳ ಮದುವೆ. ಇಗರ್ಜಿಯ ಅಂಗಳದಲ್ಲಿ ಪೆಂಡಾಲು, ಒಂದು ಕಡೆ ಸಿದ್ದಿಗಳ ಡೋಲು ಡಮಾಮಿ ಬಡಿಯುವವರು, ಇನ್ನೊಂದು ಕಡೆ ಬ್ಯಾಂಡಿನವರು. ಮಗಳ ಮದುವೆಯ ಅಡುಗೆಯನ್ನು ಮಾಮಾ ಬೇರೆಯವರಿಗೆ ಬಿಡಲಿಲ್ಲ. ಬೆಳಿಗ್ಗೆಯಿಂದ ಕೂತು, ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದು, ಸುರುಳಿ ಸುತ್ತಿ ಬೇಯಿಸಿ ತಾವೇ ಕೊಯ್ದಿದ್ದರು. ಜೋಯಿಡಾದಿಂದ ಮಾರ್ಥಾಬಾಯಿಯ ತವರಿನವರೆಲ್ಲ ಬಂದಿದ್ದರು, ಪಾವ್ಲು ಕೋಲೂರಿಕೊಂಡು ಮುಂದಿನ ಸಾಲಿನಲ್ಲಿ. ಅವನ ಎದುರು ಸಾಲಿನಲ್ಲಿ ನಾತಾಲಬಾಯಿ, ತೊಡೆಯ ಮೇಲೆ ಡಬ್ಬಿ.

ಬಡಿಸಲು ಹೊರಟವರನ್ನು ಮಾಮಾ ಕೈಯೆತ್ತಿ ತಡೆದರು. ಬೆಂಚು ಎಳೆದು ಅದರ ಮೇಲೆ ಹತ್ತಿ ನಿಂತರು. ಹೊಸ ಕೋಟು, ಕಿವಿಯಲ್ಲಿ ಪೆನ್ಸಿಲು, ಕೈಯಲ್ಲಿ ಇಷ್ಟುದ್ದದ ಚಾಕು. ಬೆಂಚು ಕಿರುಗುಟ್ಟಿತು. ಬ್ಯಾಂಡಿನವರು ಹೆದರಿ ಬಾರಿಸುವುದನ್ನು ನಿಲ್ಲಿಸಿದರು. ಮದುಮಗನ ತಾಯಿ ಮಗನ ತೋಳು ಹಿಡಿದುಕೊಂಡಳು.

"ಎಲ್ಲಾರೂ ಕೇಳ್ರಿ," ಎಂದರು. "ಇಪ್ಪತ್ತೆಂಟು ವರ್ಷದ ಹಿಂದ ನನ್ನ ಲಗ್ನದಾಗ ನೀವೆಲ್ಲ ಹಗ್ಗ ತಿಂದ್ರಿ. ಪಾವ್ಲು ಬಾವಾ, ನೀವೂ ತಿಂದ್ರಿ. ಅದು ನಮ್ಮ ಅಕ್ಕನ ಅಡಗಿ ಅಲ್ಲ. ಕೊಯ್ದಾಂವ ನಾನು. ಅಕ್ಕ ಬ್ಯಾಡ ಅಂದ್ಲು, ನಾ ಕೇಳ್ಲಿಲ್ಲ. ಹಲಗಿ ಕೊಯ್ದಂಗ ಕೊಯ್ದೆ. ನೀವು ಆಕೀನ್ನ ನೋಡಿ ನಕ್ರಿ, ನಾ ಬಾಯಿ ಮುಚ್ಕೊಂಡು ಕೂತೆ. ತಪ್ಪು ನಂದು. ಅಕ್ಕಾ, ತಪ್ಪು ನಂದು."

ಮೊದಲು ಎದ್ದವನು ಪಾವ್ಲು. ಕೋಲು ಊರುತ್ತ ನಾತಾಲಬಾಯಿಯ ಮುಂದೆ ಹೋಗಿ ನಿಂತು, "ಅರೇ ದೇವಾ, ಇಷ್ಟು ವರ್ಷ ನಾ ಸುಳ್ಳs ನಿನಗ ಹೆಸರಿಟ್ಟೆನೇನ? ಬಾಯೇ, ಮಾಫ್ ಕರ್ ಗೋ!" ಎಂದು ಕೈ ಮುಗಿದ. ಆಮೇಲೆ ಬೆಂಚಿನ ಕಡೆ ತಿರುಗಿ ಕೋಲು ಎತ್ತಿ, "ಬಸ್ತ್ಯಾಂವ, ಅವತ್ತ ನನ್ನ ದವಡಿ ಹಲ್ಲು ಹೋತಲ್ಲೋ, ಅದನ್ನ ಯಾರಿಗೆ ಕೇಳ್ಲಿ?" ಎಂದ. ಇಡೀ ಪೆಂಡಾಲು ಬಿದ್ದು ಬಿದ್ದು ನಕ್ಕಿತು.

ನಾತಾಲಬಾಯಿ ನಗಲಿಲ್ಲ. ಬೆಂಚಿನ ಮೇಲೆ ಚಾಕು ಹಿಡಿದು ಕಣ್ಣೀರು ಸುರಿಸುತ್ತಿದ್ದ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಕೆಳಗಿಳಿ. ಬಿದ್ದು ಗಿದ್ದೀ," ಎಂದಳು. ಡಬ್ಬಿಯನ್ನು ತೊಡೆಯಿಂದ ತೆಗೆದು ಕುರ್ಚಿಯ ಕೆಳಗೆ ಇಟ್ಟಳು. ಎಲೆಯನ್ನು ಎರಡೂ ಕೈಯಿಂದ ನೇರ ಮಾಡಿಕೊಂಡಳು.

ಮಾಮಾ ತಾವೇ ಬಡಿಸಿದರು. ಎರಡು ಬಿಲ್ಲೆ, ಮೇಲೆ ಒಂದು ಸೌಟು ಗಸಿ. ಅವಳು ಅರ್ಧ ಮುರಿದು ಬಾಯಿಗಿಟ್ಟಳು. ಅವಳು ಅಗಿದಳು, ನುಂಗಿದಳು, ನಾಲಗೆಯನ್ನು ಬಾಯಲ್ಲೇ ಒಂದು ಸುತ್ತು ತಿರುಗಿಸಿದಳು.

"ಉಪ್ಪು ಸ್ವಲ್ಪ ಮುಂದಾತು," ಎಂದಳು. "ಹಾಕು, ಇನ್ನೆರಡು ಹಾಕು."

ಮಾಮಾ ಪಾತ್ರೆ ಸಮೇತ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲು ಬರುವಂತಿರಲಿಲ್ಲ. ಡಮಾಮಿಯವರು ತಾವಾಗಿಯೇ ಶುರು ಮಾಡಿದರು. ನಮ್ಮವರು ಕುಣಿದದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು, ಅದನ್ನು ಮತ್ತೊಮ್ಮೆ ನೋಡುವ ಆಸೆ ನನಗಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಪಾವ್ಲು ಊರಿಗೆ ಹೋಗಿ ಸುಮ್ಮನಿರಲಿಲ್ಲ. ಮೊಮ್ಮಗನ ಮದುವೆಗೆ ನಾತಾಲಬಾಯಿಯೇ ಅಡುಗೆಗೆ ಬರಬೇಕು ಎಂದು ಹೇಳಿ ಕಳಿಸಿದ. ಎಪ್ಪತ್ತರ ಹತ್ತಿರದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. "ನೀ ಕೊಯ್ಯಾಂವ, ನಾ ಬೇಯಿಸಾಕಿ. ನನ್ನ ಒಲಿ ಹತ್ರ ಬಂದಿ ಅಂದ್ರ ನೋಡು" ಎಂದು ತಮ್ಮನಿಗೆ ಮೊದಲೇ ಎಚ್ಚರಿಸಿದಳು. ಜೋಯಿಡಾ, ಹಳಿಯಾಳ, ಒಮ್ಮೆ ನಮ್ಮ ಮುಂಡಗೋಡಕ್ಕೂ ಹೋಗಿ ಬಂದರು ಇಬ್ಬರೂ. ಬಸ್ಸಿನಲ್ಲಿ ಚಾಕುವಿನ ಗಂಟು ಇವರ ತೊಡೆಯ ಮೇಲೆ, ಸೌಟುಗಳ ಗಂಟು ಅವಳ ತೊಡೆಯ ಮೇಲೆ. ಉಪ್ಪಿನ ವಿಷಯಕ್ಕೆ ದಾರಿಯುದ್ದಕ್ಕೂ ಜಗಳ. ಕಂಡಕ್ಟರು ಟಿಕೆಟ್ ಕೇಳಲೂ ಹೆದರುತ್ತಿದ್ದನಂತೆ. ದಾಂಡೇಲಿಗೆ ಬಂದಾಗಲೆಲ್ಲ ಅವಳು ತಮ್ಮ ಕೊಯ್ದದ್ದನ್ನು ತಿಂದು, ಪ್ರತಿ ಸಲವೂ ಒಂದು ಕೊರತೆ ಎತ್ತಿ ಆಡಿ, ಎರಡನೆಯ ಸಲ ಹಾಕಿಸಿಕೊಳ್ಳುವಳು. ಒಮ್ಮೆಯೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮಾಮಾಗೆ ಅದು ಬೇಕಾಗಿಯೂ ಇರಲಿಲ್ಲ.

ಮಾಮಾ ಹೋಗಿ ಒಂದು ವರ್ಷದ ಮೇಲಾಯಿತು. ಹೆಚ್ಚು ನರಳಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಹಾಕ್ಕೆ ಏಳಲಿಲ್ಲ. ಮಾರ್ಥಾಬಾಯಿ ಮಗಳ ಮನೆಗೆ ಹೋಗಿದ್ದಾರೆ, ಪಕ್ಕದ ಮನೆಗೆ ಬೇರೆ ಯಾರೋ ಬಂದಿದ್ದಾರೆ. ಖಾದರಭಾಯಿ ಹಲಗೆಯ ಕೆಳಗಿನ ಪೊಟ್ಟಣವನ್ನು ಈಗ ನನಗೆ ಕೊಡುತ್ತಾರೆ.

ಹೋದ ತಿಂಗಳು ನಾತಾಲಬಾಯಿ ಹಳಿಯಾಳದ ಬಸ್ಸಿಳಿದು ನೆಟ್ಟಗೆ ನಮ್ಮ ಮನೆಗೆ ಬಂದಳು. ಬರಿಗೈಯಲ್ಲಿ. ನಾನು ಪಟ್ಟಿಯ ಸುರುಳಿ ಮಾಡಿದ್ದೆ, ಕೊಯ್ದು ಬಡಿಸಿದೆ. ಅವಳು ನಿಧಾನವಾಗಿ ತಿಂದಳು. ನಾನು ಎದುರು ಕೂತು, ಈಗ ಏನು ಕೊರತೆ ಹೇಳುತ್ತಾಳೋ ಎಂದು ಕಾಯುತ್ತಿದ್ದೆ.

"ಚಲೋ ಆಗೇತಿ," ಎಂದಳು.

ನನಗೆ ಗಾಬರಿಯಾಯಿತು. "ಉಪ್ಪು?"

"ಎಲ್ಲಾ ಸರಿ ಐತವಾ." ಕೈ ಎಲೆಯ ಮೇಲೆಯೇ ನಿಂತಿತು. "ಇಪ್ಪತ್ತೆಂಟು ವರ್ಷ 'ಅಕ್ಕಾ, ಒಂದs ತುತ್ತು, ಒಂದs ತುತ್ತು' ಅಂತ ಬೆನ್ನು ಹತ್ತಿದ್ದ. ಈಗ ಹೊಟ್ಟಿ ತುಂಬ ಉಣ್ತೀನಿ, ತಿನ್ನು ಅನ್ನಾವ್ರು ಇಲ್ಲ. ಸಿಟ್ಟು ಮಾಡಿದ್ದು ಇಪ್ಪತ್ತೆಂಟು ವರ್ಷ, ಉಂಡದ್ದು ನಾಕು ವರ್ಷ." ಅವಳು ನಕ್ಕಳು, ಆ ನಗೆ ಥೇಟು ತಮ್ಮನದೇ. "ತಿರುವುಮುರುವು ಆಗಬೇಕಿತ್ತು ನೋಡವಾ."

ನಾನು ಪಾತ್ರೆ ಹತ್ತಿರ ಎಳೆದುಕೊಂಡು, "ಅತ್ತೀ, ಒಂದs ತುತ್ತು" ಎಂದೆ.

ಅವಳು ಕೈ ತೆಗೆದಳು. ನಾನು ಬಡಿಸಿದೆ.